ಮಡಿಲಕ್ಕಿಯ ತೆಂಗು

ತೆಂಗಿನ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಲು ಬಂದರೆ ನನಗೆ ಮೈ ಉರಿಯುತ್ತಿತ್ತು. ತಿಪಟೂರಿನ ಕಡೆಯವಳು ನಾನು. ನಡೆಯಲು ಕಲಿತದ್ದೇ ತೋಟದ ಗುಣಿಗಳ ನಡುವೆ. ನಮ್ಮ ಮನೆಯವರೋ ಧಾರವಾಡದವರು, ಜೋಳ ಹತ್ತಿ ಕಂಡವರು. ಮದುವೆಯಾದ ಹೊಸದರಲ್ಲಿ ಎಳನೀರಿಗೊಂದು ಮರ, ಕೊಬ್ಬರಿಗೊಂದು ಮರ ಇರುತ್ತದೆ ಎಂದುಕೊಂಡಿದ್ದ ಮಹಾನುಭಾವರು. ಇಂಥವರ ಮಾತನ್ನು ನಾನು ಕೇಳುವುದುಂಟೆ?

ಬ್ಯಾಂಕಿನವರು ನನ್ನನ್ನು ಡೆಹ್ರಾಡೂನಿಗೆ ವರ್ಗ ಮಾಡಿದಾಗ ಅವರೂ ಅಲ್ಲೇ ಒಂದು ಔಷಧ ಕಂಪನಿಯಲ್ಲಿ ಕೆಲಸ ಹಿಡಿದರು. ಆ ವರ್ಷ ದಸರೆಗೆ ತವರಿಗೆ ಹೋಗಿದ್ದೆ. ಹೊರಡುವಾಗ ಅಮ್ಮ ಎಂದಿನಂತೆ ಮಡಿಲು ತುಂಬಿದಳು: ಅಕ್ಕಿ, ಎಲೆ ಅಡಿಕೆ, ರವಿಕೆ ಕಣ, ಸುಲಿದು ಜುಟ್ಟು ಮಾತ್ರ ಉಳಿಸಿದ ಒಂದು ತೆಂಗಿನಕಾಯಿ, ಅದರ ಮೇಲೆ ಅರಿಸಿನ ಕುಂಕುಮ. ಅಕ್ಕಿಯನ್ನು ಅನ್ನ ಮಾಡಿ ಉಂಡೆವು. ಕಾಯಿ ಅಡುಗೆಮನೆಯ ಕಪಾಟಿನ ಮೂಲೆಯಲ್ಲಿ ಮರೆತುಹೋಯಿತು. ಮೇ ತಿಂಗಳಲ್ಲಿ ನೋಡಿದರೆ ಜುಟ್ಟಿನೊಳಗಿಂದ ಬೆರಳುದ್ದ ಮೊಳಕೆ ಬಂದಿತ್ತು.

ಫೋನಿನಲ್ಲಿ ಹೇಳಿದ ಕೂಡಲೇ ಅಮ್ಮ ಹಿಗ್ಗಿಹೋದಳು. "ಬಿಸಾಕ್ಬೇಡ ಕಣೇ. ಮಡಿಲಕ್ಕಿ ಕಾಯಿ ಮೊಳಕೆ ಒಡೆಯೋದು ಎಲ್ರಿಗೂ ಸಿಗಲ್ಲ. ನೆಡು."

"ಇಲ್ಲಿ ಎಲ್ಲಮ್ಮ ನೆಡೋದು? ಚಳೀಲಿ ನಾವೇ ಬದುಕಲ್ಲ."

"ಬಕೆಟ್ನಲ್ಲಿ ನೆಡು."

ನೆಟ್ಟೆ. ನೆಟ್ಟದ್ದು ನಾನು, ಸಾಕಿದ್ದು ಅವರು. ಸೂರ್ಯ ವರ್ಷದಲ್ಲಿ ಒಂದು ದಿನವೂ ನೆತ್ತಿಯ ಮೇಲೆ ಬಂದು ನಿಲ್ಲದ ಊರದು. ಬೆಳಿಗ್ಗೆ ಪೂರ್ವದ ಕಿಟಕಿಗೆ, ಮಧ್ಯಾಹ್ನದ ಬಿಸಿಲಿಗೆ ಇನ್ನೊಂದು ಕಿಟಕಿಗೆ, ಸಂಜೆಯಾದರೆ ಅಡುಗೆಮನೆಗೆ, ಹೀಗೆ ಬಕೆಟ್ಟನ್ನು ಹೊತ್ತು ತಿರುಗುತ್ತಿದ್ದರು. ಉಗುರುಬೆಚ್ಚಗಿನ ನೀರು ಹಾಕುತ್ತಿದ್ದರು. ಬಕೆಟ್ಟಿಗೆ ತಮ್ಮ ಹಳೆಯ ಸ್ವೆಟರ್ ತೊಡಿಸಿದ್ದನ್ನು ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. "ಇದಕ್ಕೊಂದು ಕುಲಾವಿನೂ ಹೊಲಿಸಿಬಿಡಿ" ಎಂದಿದ್ದೆ.

ಆ ಮೊದಲ ಚಳಿಗಾಲದ ಜನವರಿಯಲ್ಲಿ ಅಮ್ಮ ಹೋದಳು. ಮಣ್ಣಿನ ಹೊತ್ತಿಗೆ ಅವರೂ ಬಂದಿದ್ದರು. ರಜೆ ಸಿಗದೆ ಮರುದಿನವೇ ಹಿಂತಿರುಗಿದರು. ನಾನು ತಿಥಿ ಮುಗಿಸಿಕೊಂಡು ಮೂರು ವಾರದ ಮೇಲೆ ಹೋದೆ. ಗಿಡ ದೊಡ್ಡ ಬಕೆಟ್ಟಿನಲ್ಲಿತ್ತು, ಕಾಯಿ ಮುಚ್ಚುವಷ್ಟು ಹೊಸ ಮಣ್ಣು ಬಿದ್ದಿತ್ತು. ಎರಡೂ ಗರಿಗಳು ಹಸಿರಾಗಿ ನಿಂತಿದ್ದವು. ನಾನು ಚಪ್ಪಲಿಯನ್ನೂ ಬಿಡದೆ ಅದರ ಮುಂದೆ ಕೂತು ಅತ್ತೆ.

ಆಮೇಲೆ ಮೂರು ಚಳಿಗಾಲ ಅದು ಬದುಕಿತು, ನನ್ನ ಎದೆಯೆತ್ತರಕ್ಕೆ ಬಂತು. ಅಷ್ಟರಲ್ಲಿ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಅವರಿಗೆ ವಿಶಾಖಪಟ್ಟಣದ ಹತ್ತಿರ ಪರವಾಡದಲ್ಲಿ ಕೆಲಸ ಸಿಕ್ಕಿತು. ಇಬ್ಬರದು ಎರಡು ಊರಾದರೂ ಒಂದೇ ರೈಲು ಎಂದು ಸಮಾಧಾನಪಟ್ಟುಕೊಂಡೆವು. ಸಾಮಾನಿನ ಲಾರಿಗೆ ಗಿಡವನ್ನು ಹಾಕಲು ಅವರು ಸುತರಾಂ ಒಪ್ಪಲಿಲ್ಲ. ರೈಲಿನಲ್ಲಿ ಕಾಲ ಬಳಿ ಇಟ್ಟುಕೊಂಡು ಬಂದು, ವಿಜಯವಾಡದ ಪ್ಲಾಟ್‌ಫಾರ್ಮಿನಲ್ಲಿ ನನ್ನ ಕೈಗೆ ಒಪ್ಪಿಸಿದರು.

"ಇದು ಬಿಸಲ ಅಂದ್ರ ಏನಂತ ಕಂಡಿಲ್ಲ. ಒಂದ್ ತಿಂಗಳ ನೆರಳಾಗ ಇಡು. ಆಮ್ಯಾಲೆ ಬೇಕಾರ ನೆಡು."

"ತೆಂಗಿಗೆ ನೆರಳೇನ್ರೀ? ತವರಿಗೆ ಬಂದಿದೆ ಅದು. ತಿಪಟೂರಿನವಳಿಗೆ ತೆಂಗು ಹೇಳಿಕೊಡ್ತೀರಲ್ಲ!"

ಅವರು ನಕ್ಕರು. ಆಗ ಮೇ ತಿಂಗಳು. ಬಾಡಿಗೆ ಮನೆಯ ಅಂಗಳದ ನಟ್ಟನಡುವೆ, ಅಪ್ಪ ಮಾಡುತ್ತಿದ್ದಂತೆಯೇ ಮೂರಡಿ ಗುಣಿ ತೋಡಿಸಿ, ಮರಳು, ಬೂದಿ, ಎರಡು ಹಿಡಿ ಕಲ್ಲುಪ್ಪು ಹಾಕಿಸಿದೆ. ಬಕೆಟ್ಟನ್ನು ಸೀಳಿ ಮಣ್ಣಿನ ಹೆಂಟೆ ಸಮೇತ ಗಿಡವನ್ನು ಇಳಿಸಿದೆ. ಕೈ ತೊಳೆದುಕೊಳ್ಳುವಾಗ ಅಮ್ಮನ ಋಣ ತೀರಿತು ಎನ್ನುವಷ್ಟು ಸಂತೋಷವಾಗಿತ್ತು.

ಮೂರನೆಯ ದಿನ ಗರಿಗಳ ಮೇಲೆ ಬಿಳಿ ಮಚ್ಚೆ ಬಂದವು. ಐದನೆಯ ದಿನ ಮಚ್ಚೆಗಳು ಸುಟ್ಟಂತೆ ಕಂದುಬಣ್ಣಕ್ಕೆ ತಿರುಗಿದವು. ಮನೆಯೊಡತಿ ಜಗುಲಿಯಿಂದ ನೋಡಿ "ಪಾಪಂ" ಎಂದು ಲೊಚಗುಟ್ಟಿ, ತಮ್ಮದೊಂದು ಹಳೆಯ ಮಂಗಳಗಿರಿ ಸೀರೆ ತಂದು, ಮೇಲೆ ಚಪ್ಪರದ ಹಾಗೆ ಕಟ್ಟು ಎಂದರು. ಬೇಡವೆಂದೆ. ಸುತ್ತಮುತ್ತ ಎಲ್ಲ ಕಾಂಪೌಂಡುಗಳಲ್ಲೂ ತೆಂಗು ಅದೇ ಬಿಸಿಲಿನಲ್ಲಿ ಗೊನೆ ಬಿಟ್ಟು ನಿಂತಿತ್ತು. ನನ್ನದಕ್ಕೆ ಮಾತ್ರ ಸೀರೆ ಕಟ್ಟಬೇಕೆ? ನೀರು ಹೆಚ್ಚು ಹಾಕಿದೆ, ಅಷ್ಟೆ.

ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಗಿಡದ ನಡುವಿನ ಸುಳಿಯನ್ನು ಮೆಲ್ಲಗೆ ಮುಟ್ಟಿದೆ. ಅದು ಬುಡ ಸಮೇತ ಕಿತ್ತು ಕೈಗೆ ಬಂತು. ತುದಿಯಲ್ಲಿ ಕೊಳೆತ ವಾಸನೆ. ಸುಳಿ ಹೋದ ತೆಂಗು ಉಳಿಯುವುದಿಲ್ಲವೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಅಷ್ಟು ಚಳಿ ತಡೆದುಕೊಂಡು ಬಂದ ಅಮ್ಮನ ಕಾಯನ್ನು, ಬೆಚ್ಚಗಿನ ಊರಿಗೆ ತಂದು, ನನ್ನ ಕೈಯಾರೆ ಸಾಯಿಸಿದ್ದೆ.

ಕರಟವನ್ನಾದರೂ ಇಟ್ಟುಕೊಳ್ಳೋಣವೆಂದು ನಾನೇ ಅಗೆದೆ. ಬೇರಿನ ಸಿಕ್ಕಿನೊಳಗಿಂದ ಕಾಯಿ ಹೊರಬಂತು. ನೋಡಿ ಗರ ಬಡಿದವಳಂತೆ ನಿಂತುಬಿಟ್ಟೆ. ಕಾಯಿಯ ಸುತ್ತ ದಪ್ಪ ಸಿಪ್ಪೆ ಇತ್ತು. ಅರ್ಧ ಕೊಳೆತಿದ್ದರೂ ಮೂರು ಏಣಿನ ಇಡೀ ಸಿಪ್ಪೆ. ಮಡಿಲಿಗೆ ಸುಲಿಯದ ಕಾಯಿಯನ್ನು ಯಾರೂ ಹಾಕುವುದಿಲ್ಲ. ಅಮ್ಮ ಸುಲಿದದ್ದನ್ನು ನಾನು ಎದುರಿಗೆ ಕೂತು ನೋಡಿದ್ದೆ.

ಇದು ಅಮ್ಮನ ಕಾಯಿ ಆಗಿರಲಿಲ್ಲ.

ಶನಿವಾರ ಬೆಳಗಿನ ರೈಲು ಹತ್ತಿ, ಆ ಕಾಯನ್ನು ಚೀಲದಲ್ಲಿಟ್ಟುಕೊಂಡು ವಿಶಾಖಪಟ್ಟಣಕ್ಕೆ ಹೋದೆ. ದಾರಿಯುದ್ದಕ್ಕೂ ಕಿಟಕಿಯಾಚೆ ತೆಂಗಿನ ಸಾಲು. ನೋಡಲಾಗದೆ ಕಣ್ಣು ಮುಚ್ಚಿಕೊಂಡೆ. ಅವರ ಬಾಡಿಗೆ ಕೋಣೆಯ ಮೇಜಿನ ಮೇಲೆ ಪೇಪರು ಹಾಸಿ ಅದನ್ನು ಇಟ್ಟು ಕಾದೆ. ಕಂಪನಿ ಬಸ್ಸಿಳಿದು ಬಂದವರು ಬಾಗಿಲಲ್ಲೇ ನಿಂತರು.

"ಇದು ಯಾವುದು ರೀ?"

ಅವರು ಒಳಗೆ ಬಂದು ಕಪಾಟು ತೆಗೆದರು. ಅಂಗಿಗಳ ಹಿಂದಿನಿಂದ ಒಂದು ಸ್ಟೀಲ್ ಡಬ್ಬಿ ಬಂತು. ಮುಚ್ಚಳ ತೆಗೆದು ನನ್ನ ಮುಂದಿಟ್ಟರು. ಒಳಗೆ ಸುಲಿದ ಕಾಯಿ, ಒಣಗಿ ಕಡ್ಡಿಯಾದ ಮೊಳಕೆ, ಜುಟ್ಟಿನ ಎಳೆಗಳಲ್ಲಿ ಇನ್ನೂ ಅಮ್ಮ ಹಚ್ಚಿದ ಕುಂಕುಮ.

"ನಾವು ಊರಿಗೆ ಹೋದಾಗ ಮನಿಯೊಳಗ ಯಾರಿದ್ರು? ತಿರುಗಿ ಬರೂದ್ರಾಗ ಚಳಿಗೆ ಸತ್ತಿತ್ತು. ಅವ್ವನ್ನ ಕಳಕೊಂಡಾಕಿಗೆ ಇದನ್ನ ಹೆಂಗ ಹೇಳ್ಲಿ? ಆಗ ಇಲ್ಲೇ ಪರವಾಡಕ್ಕ ಆಡಿಟ್ಟಿಗೆ ಬಂದಿದ್ದ ಗೆಳ್ಯಾನ ಕೈಲೆ ಒಂದ್ ಸಸಿ ತರಿಸ್ದೆ. ಆಮ್ಯಾಲೆ ಹೇಳೂಣಂದ್ರ, ನೀ ಅದರ ಮುಂದ ಕುಂತು 'ಅಮ್ಮ ಇಲ್ಲೇ ಇದಾಳೆ ರೀ' ಅಂದಿ."

ಮೂರೂವರೆ ವರ್ಷ! ಕಿರುಚಿದೆ. ನನ್ನನ್ನು ಬೆಪ್ಪಳನ್ನಾಗಿ ಮಾಡಿದಿರಿ ಎಂದೆ, ಇನ್ನೂ ಏನೇನೋ ಅಂದೆ. ಡಬ್ಬಿಯನ್ನು ಎದೆಗೆ ಒತ್ತಿಕೊಂಡಿದ್ದೆ. ಅವರು ಮೇಜಿನ ಮೇಲಿದ್ದ ಕಾಯನ್ನು ತೊಡೆಯ ಮೇಲಿಟ್ಟುಕೊಂಡು, ಬೇರಿಗೆ ಅಂಟಿದ ವಿಜಯವಾಡದ ಮಣ್ಣನ್ನು ಉಗುರಿನಿಂದ ಬಿಡಿಸುತ್ತ ಕೂತರು.

"ಸುಳಿ ಕೈಗೆ ಬಂತೇನ?"

"ಹೂಂ."

"ವಾಸನಿ ಇತ್ತ?"

"ಇತ್ತು."

ಅವರ ಕಣ್ಣಿಂದ ನೀರು ಆ ಸಿಪ್ಪೆಯ ಮೇಲೆ ಬಿತ್ತು. ಅಮ್ಮನ ಕಾಯಿ ಸತ್ತು ಮೂರೂವರೆ ವರ್ಷವಾಗಿತ್ತು. ನಾನು ಸಾಯಿಸಿದ್ದು ಇವರು ಮೂರು ಚಳಿಗಾಲ ಹೊತ್ತು ತಿರುಗಿದ ಗಿಡವನ್ನು.

"ನೆರಳ ಮಾಡಿದ್ದಿ, ಹೌದಲ್ಲ?" ಎಂದು ಅವರು ತಲೆ ಎತ್ತದೆ ಕೇಳಿದರು.