ಗೋಧಿ ಇಲ್ಲದ ಹೋಳಿಗೆ

ನನ್ನ ಮೊಮ್ಮಗಳ ತೂಕ ಎರಡು ಕಿಲೋ ಏರಿದೆ! ಇವತ್ತು ಬೆಳಿಗ್ಗೆ ಕೊಲ್ಹಾಪುರದ ಡಾಕ್ಟರು ಆಕೆಯನ್ನು ಕಾಟಾದ ಮೇಲೆ ನಿಲ್ಲಿಸಿದರು, ಇಳಿಸಿದರು, ಮತ್ತೆ ಹತ್ತಿಸಿದರು. ಎರಡು ಸಲವೂ ಅಷ್ಟೇ ಬಂತು. ರಕ್ತದ ರಿಪೋರ್ಟೂ ಸುಧಾರಿಸಿದೆಯಂತೆ. "ಆಜಿ, ಆತಾ ಕಾಳಜಿ ನಕೋ" ಎಂದರು, ಇನ್ನು ಚಿಂತೆ ಬೇಡವೆಂದು. ನಾನು ಅವರ ಕಾಲಿಗೇ ಬೀಳುವವಳಿದ್ದೆ, ಸೊಸೆ ಸೆರಗು ಹಿಡಿದು ಎಳೆದಳು. ನಮ್ಮೂರು ಇಚಲಕರಂಜಿಗೆ ಬರುವ ಬಸ್ಸಿನಲ್ಲಿ ಪಕ್ಕದ ಹೆಂಗಸಿಗೆ ಹೇಳಿದೆ, ಹಿಂದಿನ ಸೀಟಿನವರಿಗೆ ಹೇಳಿದೆ, ಕಂಡಕ್ಟರನಿಗೂ ಹೇಳಿದೆ. ಆತ "ಅಭಿನಂದನ, ಆಜಿ! ಪಣ ತಿಕೀಟ?" ಎಂದು ಕೈ ಚಾಚಿದ. ಸಂತೋಷದಲ್ಲಿ ಟಿಕೆಟ್ ತೆಗೆಸುವುದೇ ಮರೆತುಹೋಗಿತ್ತು.

ಹುಡುಗಿಗೆ ಆರು ವರ್ಷ. ಹೋದ ವರ್ಷ ನಾಲ್ಕು ವರ್ಷದವರ ಫ್ರಾಕು ಆಕೆಗೆ ಸರಿಹೋಗುತ್ತಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗಡಿಗೆ. ಏನು ತಿಂದರೂ ಹೊಟ್ಟೆನೋವು. ಕೊನೆಗೆ ಇದೇ ಡಾಕ್ಟರು ಬೇನೆ ಕಂಡುಹಿಡಿದರು. ಗೋಧಿಯಲ್ಲಿರುವ ಅಂಟು ಈಕೆಯ ಕರುಳಿಗೆ ಆಗುವುದಿಲ್ಲ, ತಿಂದಷ್ಟೂ ಕರುಳು ಕೆಡುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ. ಚಪಾತಿ, ಬಿಸ್ಕೀಟು, ಪಾವು, ಶಾವಿಗೆ ಯಾವುದೂ ಬೇಡ, ಜೀವ ಇರುವ ತನಕ ಬೇಡ ಎಂದರು. ಮಗ, ಸೊಸೆ ಇಬ್ಬರ ಮುಖವೂ ಬಾಡಿತು. ನಾನು ನಕ್ಕುಬಿಟ್ಟೆ.

"ಇಷ್ಟ ಏನ್ರಿ ಸಾಹೇಬ್ರ? ನಾವು ಜ್ವಾಳ ಉಣ್ಣೂ ಮಂದಿ ಅದೀವ್ರಿ."

ಅಷ್ಟು ಸೊಕ್ಕು ನನಗೆ. ಗಡಹಿಂಗ್ಲಜ ಕಡೆಯ ಮಹಾಗಾಂವದ ತವರಿನಿಂದ ವರ್ಷಕ್ಕೆ ಬೇಕಾದಷ್ಟು ಜೋಳ ಬರುತ್ತದೆ. ರೊಟ್ಟಿ ಬಡಿಯುವವಳು ನಾನು. ಈ ಬೇನೆಯ ಮದ್ದು ನನ್ನ ಹಿಟ್ಟಿನ ಡಬ್ಬಿಯಲ್ಲೇ ಇದೆ ಎಂದುಕೊಂಡೆ. ಮೂರು ತಿಂಗಳು ಅವಳ ಬಾಯಿಗೆ ರೊಟ್ಟಿ, ಅನ್ನ ಬಿಟ್ಟು ಬೇರೆ ಹೋಗಲಿಲ್ಲ. ಮೂರು ತಿಂಗಳ ನಂತರ ತೂಗಿದರೆ ಕಾಟಾದ ಮುಳ್ಳು ಇದ್ದಲ್ಲೇ ಇತ್ತು. "ಎಲ್ಲಿಂದಲೋ ಗೋಧಿ ಹೊಟ್ಟೆಗೆ ಹೋಗುತ್ತಿದೆ" ಎಂದರು ಡಾಕ್ಟರು.

ಮನೆಗೆ ಬಂದ ಮೇಲೆ ಸೊಸೆ ಮಗುವನ್ನು ಮಲಗಿಸಿದಳು. ಆಮೇಲೆ ಕೇಳಿದಳು.

"ಅತ್ತೀ, ಸಿಟ್ಟಾಗಬ್ಯಾಡ್ರಿ. ಅಕಿ ಅತ್ತಾಳಂತ ಕದ್ದು ಬಿಸ್ಕೀಟ ಏನರ ಕೊಟ್ಟೀರೇನು?"

ನಾನು ಕೊಟ್ಟಿರಲಿಲ್ಲ. ಆದರೆ ಅಳುವ ಮಗುವಿಗೆ ಅಜ್ಜಿಯರು ಕದ್ದು ಕೊಡುತ್ತಾರೆ ಎಂಬುದೂ ಸುಳ್ಳಲ್ಲವಲ್ಲ. ಮರುದಿನದಿಂದ ಮಗುವಿನ ತಾಟು ಬೇರೆ, ಲೋಟ ಬೇರೆ, ಕೂರುವ ಚಾಪೆ ಮೂಲೆಗೆ. ನಮ್ಮ ತಾಟಿನ ಚಪಾತಿಯ ಚೂರು ಆಕೆಗೆ ಸಿಗಬಾರದೆಂದು. "ನಾ ಯಾಕ ಬ್ಯಾರೆ ಕುಂದ್ರಬೇಕಜ್ಜಿ? ನಾ ಏನ್ ಮಾಡೇನಿ?" ಎಂದು ಆಕೆ ಕೇಳಿದಾಗ ನಾನು ಅರ್ಧ ಉಂಡ ತಾಟು ಬಿಟ್ಟು ಎದ್ದೆ. ಆದರೆ ಆ ಮೂಲೆಗೂ ಹೋಗುತ್ತಿದ್ದದ್ದು ನನ್ನ ರೊಟ್ಟಿಯೇ.

ಅದೇ ವಾರ ಜೋಳ ಬೀಸಿಸಲು ಓಣಿಯ ಗಿರಣಿಗೆ ಹೋದೆ. ಗೋಧಿಯ ಹಿಂದೆ ಜೋಳ ಹಾಕಿಸಿದರೆ ರೊಟ್ಟಿ ಕೆಡುತ್ತದೆ ಎಂದು ನಾವೆಲ್ಲ ಬೇರೆ ಯಾರದಾದರೂ ಜೋಳ ಆಗುವ ತನಕ ಕಾಯುತ್ತೇವೆ. ಅವತ್ತು ಎಲ್ಲರ ಡಬ್ಬಿಯಲ್ಲೂ ಗೋಧಿಯೇ. ಗಿರಣಿಯವನು, "ಕಾಕೂ, ಎಷ್ಟೊತ್ತ ನಿಂದರತೀರಿ? ಮದಲಿಂದು ಎರಡ ಮುಷ್ಟಿ ತಗದ ಒಗೀತೀನಿ, ಹಾಕ್ರಿ" ಎಂದ. ಹಿಟ್ಟು ಇಳಿಯುವ ಬಟ್ಟೆಯ ಸೊಂಡಿಲನ್ನು ಪಟಪಟ ಬಡಿದ. ಬಿಳಿ ಹಿಟ್ಟು ಉದುರಿತು. ಮತ್ತೆ ಬಡಿದ, ಮತ್ತೆ ಉದುರಿತು. ನಾನು ಸೊಂಡಿಲಿನ ಒಳಗೆ ಬೆರಳು ಆಡಿಸಿ ನೋಡಿದೆ. ಬೆರಳಿಗೆ ಪದರದ ಹಾಗೆ ಹತ್ತಿತು.

"ಇದು ಯಾವಾಗ ಪೂರಾ ಸ್ವಚ್ಛ ಆಗತೈತೋ ತಮ್ಮಾ?"

"ಎಲ್ಲೀದ್ರಿ ಕಾಕೂ! ಕಲ್ಲಿನ ಸಂದಿನಾಗ ಇದ್ದ ಇರತೈತಿ. ಹತ್ತ ಮಂದೀದು ಜ್ವಾಳ ಹೋದ್ರೂ ಒಂದೀಟ ಗೋಧಿ ಬರೂದನ."

ಅವನದೇನು ತಪ್ಪು? ಕೇಳಿದ್ದಕ್ಕೆ ಇದ್ದದ್ದು ಹೇಳಿದ. ಮೂರು ತಿಂಗಳು ಆ ಕೂಸಿಗೆ ಗೋಧಿ ತಿನ್ನಿಸಿದವಳು ನಾನೇ. ಜೋಳದ ಡಬ್ಬಿ ಹೊತ್ತು ಹಾಗೆಯೇ ಮನೆಗೆ ಬಂದು, ಸೊಸೆಯ ಮುಂದೆ ಬೆರಳು ಹಿಡಿದು ಗಿರಣಿಯವನ ಮಾತು ಹೇಳಿದೆ.

ಅವಳು ಬೆರಳು ನೋಡಿದಳು, ನನ್ನ ಮುಖ ನೋಡಿದಳು. "ನಿಮಗ ಎಂಥಾ ಮಾತ ಅಂದ್ನಿ ನಾ" ಎಂದು ಅಲ್ಲೇ ಕೂತುಬಿಟ್ಟಳು. "ನೀ ಅಂದದ್ದು ಸುಳ್ಳು ಆದ್ರೂ ಕೊಟ್ಟಾಕಿ ನಾನ ಅಲ್ಲೇನವ್ವಾ" ಎಂದೆ. ಇಬ್ಬರೂ ಅತ್ತೆವು. ಪವರ್‌ಲೂಮಿನ ಸದ್ದಿನಲ್ಲಿ ಕಿವಿ ಮಂದ ಮಾಡಿಕೊಂಡ ನನ್ನ ಗಂಡ ಒಳಗೆ ಬಂದು, "ಯಾರ್ ಸತ್ರು?" ಎಂದು ಗಾಬರಿಯಿಂದ ಕೇಳಿದರು. ಅಳುತ್ತಲೇ ನಕ್ಕೆವು.

ಶಿರೋಳಿಯ ಫೌಂಡ್ರಿಯಲ್ಲಿ ದುಡಿಯುವ ಮಗ ಆ ಭಾನುವಾರವೇ ಘರಘಂಟಿ ತಂದ. ಮನೆಯಲ್ಲೇ ಹಿಟ್ಟು ಬೀಸುವ ಮಷೀನು ಅದು, ಸಣ್ಣ ಕಪಾಟಿನಷ್ಟು ಎತ್ತರ. ಗೋಧಿಯ ಡಬ್ಬಿ ಮನೆಯಿಂದ ಹೊರಬಿತ್ತು. ಮಷೀನಿನಲ್ಲಿ ಹಿಟ್ಟು ಸೋಸುವ ಜಾಳಿಗೆಗಳ ಮೇಲೆ ನಂಬರು ಬರೆದಿತ್ತು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳಾದರೂ ನಂಬರು ಓದಲು ನನಗೆ ಬರುತ್ತದೆ, ಆದರೆ ಯಾವ ನಂಬರಿಗೆ ಎಂಥ ಹಿಟ್ಟು ಎಂದು ಯಾರಿಗೆ ಗೊತ್ತು? ದೊಡ್ಡ ನಂಬರೇ ಒಳ್ಳೆಯದಿರಬೇಕು ಎಂದು ಅದನ್ನೇ ಹಾಕಿದೆ. ಹಿಟ್ಟು ರವೆಯಾಗಿ ಇಳಿಯಿತು. ಅದರಲ್ಲೇ ಬಡಿದ ರೊಟ್ಟಿ ಹಂಚಿಗೆ ಹಾಕುವ ಮೊದಲೇ ನಾಲ್ಕು ಕಡೆ ಹರಿಯಿತು.

"ರೊಟ್ಟಿ ಅಲ್ಲ ಇದು, ಮಹಾರಾಷ್ಟ್ರದ ನಕಾಶಿ" ಎಂದರು ನನ್ನ ಗಂಡ. "ಗಡಹಿಂಗ್ಲಜ ಎಲ್ಲೈತಿ, ತೋರಸ?"

"ನಿಮ್ಮ ತಾಟಿನಾಗ ಐತಿ, ಸುಮ್ಮನ ಉಣ್ರಿ" ಎಂದೆ. ಉಳಿದ ರವೆಗೆ ಸೊಸೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಉಪ್ಪಿಟ್ಟು ಮಾಡಿದಳು. ಅದು ಎಷ್ಟು ಚೆನ್ನಾಗಿತ್ತೆಂದರೆ ಈಗ ವಾರಕ್ಕೊಮ್ಮೆ ಬೇಕೆಂದೇ ರವೆ ಬೀಸುತ್ತೇವೆ.

ಅಷ್ಟರಲ್ಲಿ ಮಗು ಹೋಳಿಗೆ ಬೇಕೆಂದು ಹಟ ಹಿಡಿಯಿತು. ಗೋಧಿ ಹಿಟ್ಟಿನ ಕಣಕ ಇಲ್ಲದೆ ನಾನು ಹೋಳಿಗೆ ಮಾಡಿದವಳಲ್ಲ, ಮಾಡಿದವರನ್ನು ನೋಡಿದವಳೂ ಅಲ್ಲ. ಸೊಸೆಯ ತವರು ಕೊಲ್ಹಾಪುರ. ಮರಾಠಿ ನೆರೆಹೊರೆಯಲ್ಲಿ ಬೆಳೆದವಳು, ಮೋದಕಕ್ಕೆ ಅಕ್ಕಿ ಹಿಟ್ಟನ್ನು ಕುದಿನೀರಿನಲ್ಲಿ ಉಕ್ಕರಿಸುವುದು ಬಲ್ಲಳು. "ಅದನ್ನ ಕಣಕ ಮಾಡಿ ನೋಡೂಣೇನ್ರಿ?" ಎಂದಳು. ನಲವತ್ತು ವರ್ಷ ಹೋಳಿಗೆ ಲಟ್ಟಿಸಿದ ನಾನು ಸೊಸೆಯ ಮುಂದೆ ಕಲಿಯಲು ಕೂತೆ. ನೀರಿಗೆ ಉಪ್ಪು, ಒಂದು ಚಮಚೆ ಎಣ್ಣೆ, ಕುದಿ ಬಂದಾಗ ಹಿಟ್ಟು, ಮೇಲೆ ಮುಚ್ಚಳ. ಕೈ ಸುಡುವಾಗಲೇ ನಾದಬೇಕು. ಅಲ್ಲಿಯ ತನಕ ಸರಿ. ಲಟ್ಟಣಿಗೆ ಹಿಡಿದ ಕೂಡಲೇ ನನ್ನ ಕೈ ಹಳೆಯ ರೂಢಿಗೆ ಓಡುತ್ತಿತ್ತು, ಹೋಳಿಗೆ ಒಡೆದು ಹೂರಣ ಹಂಚಿಗೆ ಹತ್ತುತ್ತಿತ್ತು.

"ಅತ್ತೀ, ತೆಳ್ಳಗ ಮಾಡಾಕ ಹೋಗಬ್ಯಾಡ್ರಿ. ಗೋಧಿಗತೆ ಇದು ಜಗ್ಗಂಗಿಲ್ಲ."

"ಗೊತ್ತೈತಿ ಬಿಡ."

"ಗೊತ್ತಿದ್ರ ಯಾಕ ಜಗ್ಗಾಕತ್ತೀರಿ ಮತ್ತ?"

ಒಡೆದ ಹೋಳಿಗೆಯನ್ನೆಲ್ಲ ಮಗು ತುಪ್ಪ ಹಾಕಿಕೊಂಡು ಚಮಚೆಯಲ್ಲಿ ತಿಂದು ಮುಗಿಸುತ್ತಿತ್ತು. ಕೊನೆಗೆ ಲಟ್ಟಣಿಗೆ ಎತ್ತಿಟ್ಟು, ಎಣ್ಣೆ ಸವರಿದ ಬಾಳೆ ಎಲೆಯ ಮೇಲೆ ಬೆರಳಿನಿಂದ ತಟ್ಟಿ, ಎಲೆಯ ಸಮೇತ ಹಂಚಿಗೆ ಬೋರಲು ಹಾಕಿ, ಎಲೆ ಬಾಡಿದ ಮೇಲೆ ಸುಲಿದು ತೆಗೆದೆ. ನಿಂತಿತು! ಅಂಗೈಯಷ್ಟೇ ಅಗಲ, ದಪ್ಪ, ಆದರೆ ಹೋಳಿಗೆ.

ಹೊಟ್ಟೆನೋವು ನಿಂತಿತು, ಹುಡುಗಿ ಓಡಾಡತೊಡಗಿದಳು. ಆದರೂ ಡಾಕ್ಟರು ಹೇಳುವ ತನಕ ಮೂಲೆಯ ಚಾಪೆ ತೆಗೆಯುವುದಿಲ್ಲ ಎಂದಿದ್ದಳು ಸೊಸೆ. ಒಮ್ಮೆ ಮೋಸ ಹೋದ ತಾಯಿಯ ಹೆದರಿಕೆ. ನಾನು ಒತ್ತಾಯ ಮಾಡಲಿಲ್ಲ.

ಇವತ್ತು ಬಸ್ಸಿನಿಂದ ಇಳಿದವರೇ ಕಡಲೆಬೇಳೆ ಕುದಿಯಲು ಇಟ್ಟೆವು. ಸೊಸೆ ಹೂರಣ ರುಬ್ಬಿದಳು, ನಾನು ತಟ್ಟಿದೆ. ಕಟ್ಟಿನ ಸಾರಿಗೆ ಇಂಗು ಹಾಕಲಿಲ್ಲ, ಅದರಲ್ಲೂ ಗೋಧಿ ಹಿಟ್ಟು ಬೆರೆಸುತ್ತಾರಂತೆ. ಸಂಜೆ ಮಗ ಬಂದ ಕೂಡಲೇ ಐದೂ ಜನ ಒಂದೇ ಸಾಲಿನಲ್ಲಿ ಕೂತೆವು, ನಡುವೆ ಮೊಮ್ಮಗಳು. ಒಂದೇ ಬುಟ್ಟಿಯಿಂದ ಎಲ್ಲರಿಗೂ ಬಡಿಸಿದೆ.

ಆಕೆ ತನ್ನದನ್ನು ಮುಗಿಸಿ, ಸೀದಾ ಅಪ್ಪನ ತಾಟಿಗೆ ಕೈ ಹಾಕಿ ಅರ್ಧ ಹೋಳಿಗೆ ಮುರಿದುಕೊಂಡಳು. ನಾನು ಸೊಸೆಯ ಕಡೆ ನೋಡಿದೆ. ಅವಳು ಅದರ ಮೇಲೆ ತುಪ್ಪ ಹಾಕಿದಳು.

"ನಿಮ್ಮಪ್ಪಂದು ಆತು, ಇನ್ನ ನಂದಕ್ಕ ಬರತೀಯೇನ?" ಎಂದರು ನನ್ನ ಗಂಡ, ತಮ್ಮ ತಾಟನ್ನು ಆಕೆಯ ಕಡೆಗೇ ಸರಿಸುತ್ತ.