ಗೆರೆಯಿಲ್ಲದ ಅರ್ಧ ಗಂಟೆ

ಕೋವಿಡ್ ತಣ್ಣಗಾದ ಮರುವರ್ಷ ನಾನು ಬೀದರಿನ ಆಸ್ಪತ್ರೆಯೊಂದರಲ್ಲಿ ಫಿಜಿಶಿಯನ್ ಆಗಿದ್ದೆ. ರೋಗಿ ಹೇಳಿದ್ದರಲ್ಲಿ ಅರ್ಧ ಮಾತ್ರ ನಂಬುವುದು ನನ್ನ ಹಳೆಯ ಚಾಳಿ. ಔರಾದ ಮಾರ್ಗದಲ್ಲಿ ಬಸ್ ಓಡಿಸುತ್ತಿದ್ದ ಭಾಲ್ಕಿಯ ಕಾಶಿನಾಥ ಬಂದಾಗ ಅಷ್ಟೂ ನಂಬಲಿಲ್ಲ.

ಐವತ್ತು ದಾಟಿದ ಆಳು. ಡಿಪೊದಲ್ಲಿ ಬಸ್ ಹಿಂದಕ್ಕೆ ತೆಗೆಯುವಾಗ ಎಚ್ಚರ ತಪ್ಪಿ ಗೋಡೆಗೆ ಗುದ್ದಿದ್ದ. ನಾನು ಫಿಟ್ ಎಂದು ಬರೆದುಕೊಟ್ಟರಷ್ಟೇ ಮತ್ತೆ ಸ್ಟೇರಿಂಗ್ ಕೈಗೆ.

"ನಿದ್ದಿಗೆಟ್ಟಿದ್ದೆರಿ, ಅಷ್ಟೇ. ಈಗ ಏನೂ ಇಲ್ರಿ," ಅಂದ. ಹೆಂಡತಿ ಮಹಾದೇವಿ ಸೆರಗು ಹಿಂಡುತ್ತ ನೆಲ ನೋಡುತ್ತಿದ್ದಳು. ಇಬ್ಬರೂ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸಿತು.

ಇಸಿಜಿ, ಎಕೊ, ಶುಗರ್, ಮಲಗಿದಾಗಿನ ಮತ್ತು ನಿಂತಾಗಿನ ಬಿಪಿ, ಎಲ್ಲ ಸರಿ. ಹೋಲ್ಟರ್ ಕಟ್ಟಿ ಕಳಿಸಿದೆ. ಎದೆಗೆ ತಂತಿ ಅಂಟಿಸಿ ಒಂದಿಡೀ ದಿನದ ಎದೆಬಡಿತವನ್ನು ಗೆರೆಯಾಗಿ ದಾಖಲಿಸುವ ಪುಟ್ಟ ಯಂತ್ರ ಅದು, ಸೊಂಟದ ಚೀಲದಲ್ಲಿರುತ್ತದೆ. ವರದಿ ಬಂತು: ನಾರ್ಮಲ್.

ಇಷ್ಟು ಚೊಕ್ಕ ವರದಿ ಕಂಡರೆ ನನಗೆ ಸಮಾಧಾನವಿಲ್ಲ. ಪೂರ್ತಿ ಗೆರೆ ತೆಗೆಸಿ ನೋಡಿದೆ. ಬೆಳಗಿನ ಅರ್ಧ ಗಂಟೆ ಗೆರೆಯೇ ಇರಲಿಲ್ಲ, ಕಂಪ್ಯೂಟರ್ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಸಿಕ್ಕಿಬಿದ್ದ ಕಳ್ಳ ಅಂದುಕೊಂಡು ಇಬ್ಬರನ್ನೂ ಒಳಗೆ ಕರೆಸಿದೆ.

"ತಲಿ ತಿರುಗೋದು ಗೊತ್ತಾಗಬಾರದಂತ ಮಷಿನ್ ಬಿಚ್ಚಿಟ್ಟೀರೇನು?"

ಆತನ ಮುಖ ಕೆಂಪಾಯಿತು. "ಲಿಂಗಪೂಜಿಗಿ ಕುಂತಾಗ ಬಿಚ್ಚೇನ್ರಿ. ಆ ಚೀಲ ಚರ್ಮದ್ದದ. ಅದನ್ನ ಕಟ್ಕೊಂಡು ಅಂಗೈಯಾಗ ಲಿಂಗ ಹ್ಯಾಂಗ ಹಿಡೀಲಿ?"

ಮಹಾದೇವಿ ತಲೆಯೆತ್ತಿದಳು. "ಇನ್ನ ಮುಚ್ಚಿಡಂಗಿಲ್ರಿ ಸಾಹೇಬ್ರ. ಪೂಜಿಗಿ ಕುಂತಲ್ಲೇ ಎರಡು ಸಲ ಬಿದ್ದಾರ. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಯಾರ."

ಅಂಗೈ ನೋಡುತ್ತ ಕತ್ತು ಬಾಗಿಸಿದಾಗ. ಬಸ್ ಹಿಂದೆ ತೆಗೆಯಲು ಕತ್ತು ತಿರುಗಿಸಿದಾಗ. ಎರಡೂ ಕಡೆ ಕತ್ತಿನದೇ ಆಟ.

ನಮ್ಮ ನರ್ಸ್ ಬಟ್ಟೆಯ ಚೀಲ ಹೊಲಿದುಕೊಟ್ಟರು. ಹೋಲ್ಟರ್ ಮತ್ತೆ ಕಟ್ಟಿದೆವು. ಈ ಸಲ ಪೂಜೆಯ ಹೊತ್ತಿನಲ್ಲಿ ಗೆರೆ ಸಪಾಟಾಗಿತ್ತು. ತಂತಿ ಬಿಚ್ಚಿರಲಿಲ್ಲ, ಹೃದಯವೇ ಕೆಲವು ಸೆಕೆಂಡು ನಿಂತಿತ್ತು. ಕತ್ತಿನ ರಕ್ತನಾಳದ ಹತ್ತಿರದ ನರ ಒತ್ತಿದರೆ ಕೆಲವರಿಗೆ ಹೀಗಾಗುತ್ತದೆ. ಪೇಸ್‌ಮೇಕರ್ ಹಾಕಿಸಿದೆವು. ತುಂಬಿದ ಬಸ್ಸಿನ ವಿಷಯ, ಫಿಟ್ ಎಂದು ಮಾತ್ರ ನಾನು ಬರೆಯಲಿಲ್ಲ. ಆತನಿಗೆ ಡಿಪೊದ ಒಳಗೇ ಕೆಲಸ ಕೊಟ್ಟರು. ನನ್ನ ಮೇಲೆ ಆತನಿಗೆ ಇವತ್ತಿಗೂ ಸಿಟ್ಟಿದೆ, ಇರಲಿ.

ಅನುಮಾನ ಬಿಡು ಅಂತ ಈ ಕೆಲಸ ನನಗೆ ಕಲಿಸಲಿಲ್ಲ. ರೋಗಿಗಿಂತ ಮೊದಲು ಚೊಕ್ಕ ವರದಿಯ ಮೇಲೆ ಅನುಮಾನಪಡು ಅಂತ ಕಲಿಸಿತು. ಈಗ ಯಾರೇ ಹೋಲ್ಟರ್ ವಾಪಸ್ ತಂದರೂ, ಬಿಚ್ಚಿದ್ರೇನು ಅಂತ ಕೇಳುವುದಿಲ್ಲ, ಯಾವಾಗ ಬಿಚ್ಚಿದ್ರಿ ಅಂತಲೇ ಕೇಳುತ್ತೇನೆ.

ಕಳೆದ ಸಲ ತಪಾಸಣೆಗೆ ಬಂದಾಗ ಕಾಶಿನಾಥ ಮುಖ ಊದಿಸಿಕೊಂಡೇ ಕೂತಿದ್ದ. ಹೊರಡುವಾಗ ಮಹಾದೇವಿ ಹಿಂದೆ ಉಳಿದು ಮೆಲ್ಲಗೆ ಹೇಳಿದಳು: "ಈಗ ಅವರು ಪೂಜಿಗಿ ಕುಂತಾಗ ನಾನು ಬಾಗಲದಾಗ ನಿಂತು ಕಾಯಂಗಿಲ್ರಿ."