ದೋಣಿಯೊಳಗಿನ ಗೂಡು

ಗಡಹಿಂಗ್ಲಜದ ನಮ್ಮ ಮನೆಗೆ ಆಗ ಮಣ್ಣಿನ ಗೋಡೆ, ಮೇಲೆ ಹಂಚು. ಹಂಚಿನ ಅಂಚಿಗೆ ತಗಡಿನ ದೋಣಿ ಕಟ್ಟಿಸಿದ್ದೆವು. ಮಾಡಿನ ನೀರೆಲ್ಲ ಅದರೊಳಗೆ ಹರಿದು ಪೈಪಿನಿಂದ ಗಟಾರಕ್ಕೆ ಹೋಗಬೇಕು. ದೋಣಿಯಲ್ಲಿ ಕಸ ಕಟ್ಟಿಕೊಂಡರೆ ನೀರು ನೇರ ಗೋಡೆಯ ಹೊಟ್ಟೆಗೇ. ಯಜಮಾನರು ಯಡ್ರಾವದ ಮಗ್ಗದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು, ವಾರಕ್ಕೊಮ್ಮೆ ಬರುವವರು. ಹಾಗಾಗಿ ಮಳೆಗೆ ಮೊದಲು ಏಣಿ ಹತ್ತಿ ದೋಣಿಯ ಕಸ ಬಳಿಯುವ ಕೆಲಸ ನನ್ನದು. ಆ ವರ್ಷ ಇವತ್ತು ನಾಳೆ ಅನ್ನುತ್ತ ತಡ ಮಾಡಿದೆ. ಹತ್ತಿದಾಗ ಪೈಪಿನ ಬಾಯಲ್ಲೇ ಪಾರಿವಾಳದ ಗೂಡು, ಅದರಲ್ಲಿ ಎರಡು ತತ್ತಿ.

ನಮ್ಮತ್ತೆ ಸೋಸದ ನೀರು ಕುಡಿದವರಲ್ಲ, ಹೊತ್ತು ಮುಳುಗಿದ ಮೇಲೆ ತುತ್ತು ಎತ್ತಿದವರಲ್ಲ. ಕೆಳಗೆ ಏಣಿ ಹಿಡಿದು ನಿಂತಿದ್ದರು.

"ಕೈ ಹಚ್ಚಬ್ಯಾಡ ತಂಗಿ. ಮರಿ ಆಗಿ ಹಾರಿ ಹೋಗ್ಲಿ, ಆಮ್ಯಾಲ ಬಳಿ."

"ಅಷ್ಟೊತ್ತಿಗೆ ಮಳಿ ಹಿಡಿತೈತ್ರಿ. ಆ ಗ್ವಾಡಿ ನಿಮ್ಮ ಖೋಲಿದ ಐತಿ, ನಂದಲ್ಲ."

"ಬಿದ್ರ ಕಟ್ಟಸೋಣಂತ. ನೀ ಇಳಿ."

ನನ್ನ ಬಾಯಿ ಮೊದಲೇ ಒರಟು. ಗೊಣಗುತ್ತಲೇ ಇಳಿದೆ, ಎರಡು ದಿನ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ.

ಮಳೆ ಹಿಡಿಯಿತು. ದೋಣಿ ತುಂಬಿ ನೀರು ಗೋಡೆಯ ತಲೆಗೆ ಇಳಿಯತೊಡಗಿತು. ಅತ್ತೆಯ ಮಂಚದ ಹಿಂದೆ ಕಪ್ಪಗೆ ನೆನೆದ ಕಲೆ ದಿನದಿನಕ್ಕೆ ಅಗಲವಾಯಿತು. ಒಂದು ಮುಂಜಾನೆ ಅವರು ಬಸದಿಗೆ ಹೋದದ್ದೇ ತಡ, ಏಣಿ ಹಚ್ಚಿದೆ. ಮರಿಗಳಿಗೆ ಇನ್ನೂ ಪುಕ್ಕ ಬಂದಿರಲಿಲ್ಲ. ಗೂಡು ಎತ್ತಿ ಬುಟ್ಟಿಯಲ್ಲಿಟ್ಟು, ಹಿತ್ತಲ ಕಟ್ಟೆಯ ಮೇಲೆ ಮರೆಯಲ್ಲಿಟ್ಟೆ. ಕಟ್ಟಿದ್ದ ನೀರು ಧೋ ಎಂದು ಪೈಪಿಗೆ ಇಳಿಯಿತು. ನನಗೆ ಸಮಾಧಾನವಾಯಿತು, ಸುಳ್ಳೇಕೆ ಹೇಳಲಿ. ಸಂಜೆ ನೋಡಿದರೆ ಬುಟ್ಟಿ ಉರುಳಿತ್ತು. ಬೆಕ್ಕಿನ ಕೆಲಸ. ಕಟ್ಟೆ ತೊಳೆದು, ಅತ್ತೆ ನೋಡುವ ಮೊದಲೇ ಬುಟ್ಟಿ ಒಳಗಿಟ್ಟೆ.

ದೋಣಿಯ ಕಟ್ಟು ಬಿಟ್ಟಿತಲ್ಲ, ಇನ್ನು ಗೋಡೆ ತಾನೇ ಆರುತ್ತದೆ ಅಂದುಕೊಂಡೆ. ಆದರೂ ಮಂಚ ಸರಿಸೋಣ ಎಂದು ಬಾಯಿಗೆ ಬಂದಿತ್ತು. ಸರಿಸಿದರೆ ಯಾಕೆ ಎನ್ನುತ್ತಾರೆ, ಮಾತಿಗೆ ಮಾತು ಬೆಳೆದು ಗೂಡಿನ ತನಕ ಹೋಗುತ್ತದೆ. ಅದಕ್ಕೇ ಹೆದರಿ ಬಾಯಿ ಮುಚ್ಚಿಕೊಂಡೆ.

ಮೂರನೆಯ ದಿನ ಮಧ್ಯಾಹ್ನ, ಅವರು ಮಂಚದ ಮೇಲೆ ಜಪಕ್ಕೆ ಕೂತಿದ್ದಾಗ ಗೋಡೆ ಬಿತ್ತು. ನಾನೂ ಓಣಿಯವರೂ ಕೈಯಿಂದಲೇ ಮಣ್ಣು ಬಗೆದೆವು. ಗೌಂಡಿಯೊಬ್ಬ ಹೆಂಟೆ ಹಿಸುಕಿ ನೋಡಿ, "ಭಿಂತ ಆತೂನ ಭಿಜಲೀಯ, ವಹಿನೀ" ಅಂದ. ಗೋಡೆ ಒಳಗಿನಿಂದಲೇ ನೆನೆದು ಹೋಗಿತ್ತಂತೆ. ಮೇಲಿನ ನೀರು ತಡೆದರೂ ಅದು ಉಳಿಯುವಂತಿರಲಿಲ್ಲ.

ಕೊಲ್ಲಾಪುರದ ಆಸ್ಪತ್ರೆಯಲ್ಲಿ ಅತ್ತೆ ಮರುದಿನ ಕಣ್ಣು ಬಿಟ್ಟರು. ಹೆತ್ತ ಮಗ ಪಕ್ಕದಲ್ಲೇ ನಿಂತಿದ್ದರೂ ನನ್ನನ್ನೇ ಕರೆದರು.

"ಮರಿ ಹಾರಿದುವೇನ?"

"ಹಾರಿದುವ್ರಿ. ಎರಡೂ."

"ನೀ ಕೈ ಹಚ್ಚದ ತಡದಿ ಅಂತ ಉಳದುವು. ನಿನಗ ಪುಣ್ಯಾ ಬರತೈತಿ ತಂಗಿ."

ಎರಡು ದಿನಕ್ಕೆ ತೀರಿಕೊಂಡರು.

ಈಗ ಇಟ್ಟಂಗಿಯ ಗೋಡೆಯಾಗಿದೆ. ದೋಣಿಯನ್ನು ಬೇಸಗೆಯಲ್ಲೇ ಮೂರು ಸಲ ಬಳಿಯುತ್ತೇನೆ, ಪಾರಿವಾಳ ಕಡ್ಡಿ ತರುವುದಕ್ಕೂ ಬಿಡುವುದಿಲ್ಲ. ಮನೆಗೆ ಬಂದ ಬೀಗರಿಗೆಲ್ಲ ಯಜಮಾನರು ಆ ಗೋಡೆ ತೋರಿಸುತ್ತಾರೆ. "ಎರಡ ಮರಿ ಉಳಸಾಕ ನಮ್ಮವ್ವ ತನ್ನ ಜೀವಾ ಕೊಟ್ಟಳ್ರಿ" ಅನ್ನುತ್ತಾರೆ. ಬೀಗರು ನನ್ನ ಕಡೆ ನೋಡುತ್ತಾರೆ. ನಾನು ಹೌದ್ರಿ ಅನ್ನುತ್ತೇನೆ.